ಗಾಳಿಯಲ್ಲಿ ಹಾರಿಸಿದ ಗುಂಡು ಎಲ್ಲಿ ಬೀಳುತ್ತದೆ?

ಓದುಗರ ಪತ್ರ: “ಜಮಖಂಡಿ ತಾಲ್ಲೂಕಿನವ್ರು ನಾವು. ಊರ ಹೊರಗ ತ್ವಾಟದ ಮನ್ಯಾಗ ಇರ್ತೀವಿ. ಎರಡು ಸಲ ಪಂಪ್‌ಸೆಟ್ಟಿನ ಕೇಬಲ್ ಕಳುವಾತು. ಮೊನ್ನೆ ನಡುರಾತ್ರಿ ದನದ ಕೊಟ್ಟಿಗಿ ಹತ್ರ ಇಬ್ಬರು ನಿಂತಿದ್ರು, ಲೈಟ್ ಹಾಕಿದ ಕೂಡ್ಲೆ ಕಬ್ಬಿನಾಗ ಓಡಿದ್ರು. ಮನ್ಯಾಗ ಅಪ್ಪನ ಲೈಸೆನ್ಸಿನ ಜೋಡುನಳಿಗೆ ಬಂದೂಕೈತಿ. ಮತ್ತ ಬಂದ್ರ ಗಾಳ್ಯಾಗ ಒಂದು ಗುಂಡು ಹಾರಿಸಿ ಹೆದರಿಸಬೇಕಂತ ಮಾಡೇನಿ. ಯಾರಿಗೂ ಪೆಟ್ಟಾಗಂಗಿಲ್ಲ, ಕೇಸೂ ಆಗಂಗಿಲ್ಲ, ಹೌದಲ್ರಿ? ಒಳಗ ನುಗ್ಗಿದ್ರ ಏನ್ ಮಾಡ್ಬೇಕು?”

ಸಂಪಾದಕರ ಉತ್ತರ:

ದಯವಿಟ್ಟು ಹಾರಿಸಬೇಡಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕೇಬಲ್ ಹೋದರೆ ತಾಮ್ರದ ಬೆಲೆಯಷ್ಟೇ ಹೋಗುವುದಿಲ್ಲ, ನೀರು ನಿಂತು ಬೆಳೆ ಬಾಡುತ್ತದೆ. ಅಷ್ಟಾದರೂ ನಿಮ್ಮ ಎರಡು ನಂಬಿಕೆಗಳೂ ತಪ್ಪು. ಪೆಟ್ಟಾಗಬಹುದು, ಕೇಸೂ ಆಗಬಹುದು.

ಮೊದಲು ಬಂದೂಕಿನ ಮಾತು. ಲೈಸೆನ್ಸ್ ನಿಮ್ಮ ತಂದೆಯವರ ಹೆಸರಿನಲ್ಲಿದೆ. ಅದು ನಿಮ್ಮ ಮನೆಯದೇ ಬಂದೂಕಾದರೂ, ನಿಮ್ಮ ಹೆಸರಿನಲ್ಲಿ ಲೈಸೆನ್ಸ್ ಇಲ್ಲದೆ ನೀವು ಅದನ್ನು ಹಿಡಿದು ಹಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ತೊಡಕಿಗೆ ಸಿಕ್ಕಿದಂತೆಯೇ. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡದ್ದು ಸಾಬೀತಾದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ. ಕಳ್ಳರು ತಪ್ಪಿಸಿಕೊಂಡು, ನೀವು ಕೋರ್ಟಿಗೆ ಅಲೆಯುವ ಸ್ಥಿತಿ ಬರಬಾರದು. ವಾರಸುದಾರರ ಹೆಸರಿಗೆ ಲೈಸೆನ್ಸ್ ಪಡೆಯಲು ಅವಕಾಶವಿದೆ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕಿ.

ಇನ್ನು ಗುಂಡಿನ ಮಾತು. ‘ಗಾಳಿಯಲ್ಲಿ’ ಎಂದು ಎಲ್ಲರೂ ಹೇಳುತ್ತಾರೆ, ನೆಟ್ಟಗೆ ನೆತ್ತಿಯ ಮೇಲಕ್ಕೆ ಮಾತ್ರ ಯಾರೂ ಹಾರಿಸುವುದಿಲ್ಲ. ಗಾಬರಿಯಲ್ಲಿ ನಳಿಗೆ ಓರೆಯಾಗಿಯೇ ಇರುತ್ತದೆ, ಮತ್ತು 30–40 ಡಿಗ್ರಿ ಓರೆಯಲ್ಲಿ ಹೊರಟ ಗುಂಡೇ ಎಲ್ಲಕ್ಕಿಂತ ದೂರ ಹೋಗುತ್ತದೆ. ಹನ್ನೆರಡು ಬೋರಿನ ಸಣ್ಣ ಚರೆ ಸುಮಾರು 200 ಮೀಟರ್ ಹೋಗಿ ಬೀಳುತ್ತದೆ, ಎಲ್‌ಜಿ ಕಾಡತೂಸಿನ ದಪ್ಪ ಗುಂಡುಗಳು 500 ಮೀಟರ್ ದಾಟಬಲ್ಲವು. ರೈಫಲ್ಲಿನದಾದರೆ ಕಿಲೋಮೀಟರುಗಟ್ಟಲೆ. ನೇರ ಮೇಲಕ್ಕೆ ಹೋದ ರೈಫಲ್ ಗುಂಡು ಕೂಡ ಸೆಕೆಂಡಿಗೆ 300 ಅಡಿಯಷ್ಟು ವೇಗದಲ್ಲಿ ಮರಳಿ ಬೀಳಬಹುದು, ತಲೆಬುರುಡೆ ಒಡೆಯಲು 200 ಅಡಿಯ ವೇಗವೇ ಸಾಕು. ಹಾಗಾದರೆ ನೆಲಕ್ಕೆ ಹಾರಿಸಲೇ ಎಂದು ಕೇಳೀರಿ. ಕರಿಕಲ್ಲಿನ ಬದು, ಬೋರ್‌ವೆಲ್ಲಿನ ಕಾಂಕ್ರೀಟ್ ಕಟ್ಟೆ ಇವಕ್ಕೆ ತಾಗಿದ ಗುಂಡು ಯಾವ ಕಡೆ ಸಿಡಿಯುತ್ತದೆಂದು ಹಾರಿಸಿದವರಿಗೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ತೋಟದ ಸುತ್ತಲಿನ 500 ಮೀಟರನ್ನು ರಾತ್ರಿಯ ಹೊತ್ತಿನಲ್ಲಿ ಕಣ್ಣ ಮುಂದೆ ತಂದುಕೊಳ್ಳಿ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು, ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದವರು, ಬದುವಿನ ಪಕ್ಕ ತಾಡಪತ್ರಿ ಗುಡಿಸಲು ಹಾಕಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿರುತ್ತಾರೆ. ತಾಡಪತ್ರಿ ಗುಂಡನ್ನು ತಡೆಯುವುದಿಲ್ಲ. ಬ್ಯಾಸಿಗೆಯಲ್ಲಿ ಪಕ್ಕದ ಮನೆಯವರು ಮಾಳಿಗೆ ಮೇಲೆ ಮಲಗುತ್ತಾರೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಮೋಟರ್ ಚಾಲು ಮಾಡಲು ಬ್ಯಾಟರಿ ಹಿಡಿದು ಹೊರಟವರು ಬದುಗುಂಟ ನಡೆದಿರುತ್ತಾರೆ. ಕೊಟ್ಟಿಗೆಯ ಹತ್ತಿರ ನಿಂತ ನೆರಳು ಕಳ್ಳನದೋ, ನೀರು ತಿರುವಲು ಬಂದ ನೆರೆಹೊಲದ ಅಣ್ಣನದೋ? ಕತ್ತಲಲ್ಲಿ ಅದು ಗೊತ್ತಾಗುವ ಮೊದಲೇ ಬಂದೂಕಿನ ಕುದುರೆ ಎಳೆದಿರುತ್ತೀರಿ.

ಪೊಲೀಸರೇ ಗಾಳಿಯಲ್ಲಿ ಗುಂಡು ಹಾರಿಸಿದ ಸುದ್ದಿಯನ್ನು ನಾವೆಲ್ಲ ಓದುತ್ತೇವೆ, ಆದ್ದರಿಂದ ಇದು ಸರಿಯಾದ ಕ್ರಮವೆಂದು ಮನಸ್ಸಿಗೆ ಬಂದಿರಬಹುದು. ಆದರೆ ಗುಂಪು ಚದುರಿಸುವ ಬಗ್ಗೆ 1964ರಲ್ಲಿ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ ಒಪ್ಪಿದ ಮಾದರಿ ನಿಯಮಗಳು ಗಾಳಿಯಲ್ಲಿ ಎಚ್ಚರಿಕೆಯ ಗುಂಡು ಹಾರಿಸುವುದನ್ನೂ ತಲೆ ಮೇಲಿಂದ ಹಾರಿಸುವುದನ್ನೂ ಬೇಡವೆಂದೇ ಹೇಳುತ್ತವೆ.

ಕಾನೂನು ನಿಮ್ಮನ್ನು ಕೈಕಟ್ಟಿ ಕೂರಿಸಿಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಐಪಿಸಿಯ 96ರಿಂದ 106 ಎನ್ನುತ್ತಿದ್ದುದೇ ಇದು. ದರೋಡೆ, ರಾತ್ರಿ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ, ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಂಜಿಕೆ ಹುಟ್ಟಿಸುವ ಕಳವು, ಇಂಥ ಹೊತ್ತಿನಲ್ಲಿ ಈ ಹಕ್ಕು ಬಹಳ ದೂರ ಹೋಗುತ್ತದೆ. ಬರೇ ಕೇಬಲ್ ಕಳವಿಗೆ ಅಷ್ಟು ದೂರ ಹೋಗುವುದಿಲ್ಲ. ಅವಶ್ಯಕತೆಗಿಂತ ಹೆಚ್ಚಿನ ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ ಎಂದು 37ನೇ ಕಲಮು ಹೇಳುತ್ತದೆ. ಹಕ್ಕಿನ ಆಸರೆ ಬೇಕೆಂದರೆ ಅದನ್ನು ತೋರಿಸಿಕೊಡುವ ಹೊಣೆಯೂ ನಿಮ್ಮದೇ.

ಎಚ್ಚರಿಕೆಯ ಗುಂಡು ಇಲ್ಲಿಯೇ ಕೈಕೊಡುತ್ತದೆ. ಜೀವದ ಭಯವಿತ್ತೆಂದರೆ ಆಕಾಶಕ್ಕೇಕೆ ಹಾರಿಸಿದಿರಿ ಎಂದು ಸರ್ಕಾರಿ ವಕೀಲರು ಕೇಳುತ್ತಾರೆ, ಭಯವಿರಲಿಲ್ಲವೆಂದರೆ ಬಂದೂಕು ಯಾಕೆ ಎಂದು ಕೇಳುತ್ತಾರೆ. ಯಾರಿಗೂ ತಾಗದಿದ್ದರೂ ಬಂದೂಕನ್ನು ಬೇಜವಾಬ್ದಾರಿಯಿಂದ ಬಳಸಿ ಇತರರ ಜೀವಕ್ಕೆ ಅಪಾಯ ತಂದದ್ದಕ್ಕೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಲೈಸೆನ್ಸೂ ರದ್ದಾಗಬಹುದು. ತಾಗಿ ಯಾರಾದರೂ ಸತ್ತರೆ ‘ಹೆದರಿಸಲು ಹಾರಿಸಿದ್ದು’ ಎಂಬ ಮಾತು ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 2010ರಲ್ಲಿ ಹೆಣ್ಣುಮಗಳೊಬ್ಬಳು ಗಂಡನನ್ನು ಹೆದರಿಸಲು ಹಾರಿಸಿದ ಗುಂಡು ಯಾರಿಗೂ ತಾಗಲಿಲ್ಲ, ಆದರೂ 2012ರಲ್ಲಿ ಆಕೆಗೆ 20 ವರ್ಷ ಶಿಕ್ಷೆಯಾಯಿತು. ಮುಂದೆ ಆ ತೀರ್ಪು ರದ್ದಾಗಿ ಪ್ರಕರಣ ಕಡಿಮೆ ಶಿಕ್ಷೆಯಲ್ಲಿ ಮುಗಿಯಿತು. ಕಾನೂನು ಬೇರೆ ದೇಶದ್ದು, ವಕೀಲರು ಕೇಳುವ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಒಂದೇ.

ಆ ಕ್ಷಣದಲ್ಲೇ ಆಗುವ ನಷ್ಟವೂ ಇದೆ. ಜೋಡುನಳಿಗೆಯಲ್ಲಿರುವುದೇ ಎರಡು ಕಾಡತೂಸು, ಅದರಲ್ಲಿ ಒಂದು ಹೋಯಿತು. ನಳಿಗೆಯ ಬೆಂಕಿ ನೀವು ನಿಂತ ಜಾಗವನ್ನು ಕಳ್ಳನಿಗೆ ತೋರಿಸಿತು. ಕಿವಿ ಗುಂಯ್‌ಗುಟ್ಟಿ ಹಿಂದಿನಿಂದ ಬರುವ ಹೆಜ್ಜೆ ಕೇಳಿಸದು. ಕೈಯಲ್ಲಿ ನಾಡಪಿಸ್ತೂಲಿದ್ದವನು ಓಡುವ ಬದಲು ತಿರುಗಿ ಹೊಡೆಯಬಹುದು.

ಹೆದರಿಸಬೇಕಾದರೆ ಬೆಳಕು ಮತ್ತು ಸದ್ದಿನಿಂದಲೇ ಹೆದರಿಸಿ. ನೀವೇ ಬರೆದಂತೆ, ಲೈಟ್ ಹಾಕಿದ ಕೂಡಲೇ ಅವರು ಓಡಿದರಲ್ಲ. ಕೊಟ್ಟಿಗೆಗೂ ಪಂಪಿನ ಮನೆಗೂ ಸೆನ್ಸರ್ ದೀಪ ಮತ್ತು ಸೈರನ್ ಹಾಕಿಸಿ. ಓಟಕ್ಕೆ ಮುಧೋಳ ನಾಯಿ, ಬೊಗಳಲು ಊರ ನಾಯಿಯೇ ಮೇಲು. ನಾಲ್ಕು ತೋಟದ ಮನೆಯವರು ಸೇರಿ ಫೋನಿನ ಕಟ್ಟುಪಾಡು ಮಾಡಿಕೊಳ್ಳಿ: ಒಂದು ಮನೆಯಿಂದ ಕರೆ ಬಂದರೆ ಎಲ್ಲರೂ ದೀಪ ಹಚ್ಚುವುದು, ಒಬ್ಬರು 112ಕ್ಕೆ ಕರೆ ಮಾಡುವುದು. ಹಿಂದಿನ ಎರಡು ಕಳವಿಗೂ ದೂರು ಕೊಟ್ಟಿರದಿದ್ದರೆ ಈಗಲಾದರೂ ಕೊಡಿ, ಗಸ್ತು ಕೇಳಲು ಆ ಕಾಗದ ಬೇಕಾಗುತ್ತದೆ.

ಒಳಗೆ ನುಗ್ಗಿದರೆ? ಮನೆಮಂದಿಯನ್ನು ಒಂದೇ ಕೋಣೆಗೆ ಸೇರಿಸಿ, ಚಿಲಕ ಹಾಕಿ, 112ಕ್ಕೆ ಕರೆ ಮಾಡಿ ಲೈನ್ ಹಿಡಿದೇ ಇರಿ, “ಪೊಲೀಸರಿಗೆ ಫೋನ್ ಹೋಗೈತಿ” ಎಂದು ಗಟ್ಟಿಯಾಗಿ ಕೂಗಿ. ಬಾಗಿಲು ಮುರಿದು ಜೀವಕ್ಕೇ ಬಂದರೆ ಕಾನೂನು ಕೊಟ್ಟ ಹಕ್ಕು ನಿಮಗಿದೆ, ಬಂದೂಕು ಇರುವುದು ಆ ಹೊತ್ತಿಗಾಗಿ. ಆಗಲೂ ಗುಂಡು ಹಾರಿದರೆ ಖಾಲಿ ಕಾಡತೂಸು ಎತ್ತಬೇಡಿ, ಏನನ್ನೂ ಸರಿಸಬೇಡಿ, ಗಾಯಗೊಂಡವನಿಗೂ ಆಂಬುಲೆನ್ಸ್ ಕರೆಸಿ. ಕಳ್ಳ ಬೆನ್ನು ತಿರುಗಿಸಿ ಕಬ್ಬಿಗೆ ಇಳಿದರೆ ಬೆನ್ನಟ್ಟಬೇಡಿ.