ಜಾರ್ಜ್ ಸ್ಯಾಂಡ್ ಅವರ ಬಾಲ್ಯ ಮತ್ತು ಮದುವೆ ಹೇಗಿತ್ತು?

ಜಾರ್ಜ್ ಸ್ಯಾಂಡ್ ಎಂಬುದು ಫ್ರೆಂಚ್ ಕಾದಂಬರಿಗಾರ್ತಿಯೊಬ್ಬರ ಕಾವ್ಯನಾಮ. 1804ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆಕೆಯ ನಿಜನಾಮ ಒರೋರ್ ದ್ಯುಪ್ಯಾಂ. ತಂದೆ ಶ್ರೀಮಂತ ಮನೆತನದ ಸೇನಾಧಿಕಾರಿ. ತಾಯಿ ಹಕ್ಕಿ ಮಾರುವವನೊಬ್ಬನ ಮಗಳು. 1808ರಲ್ಲಿ ತಂದೆ ಕುದುರೆಯಿಂದ ಬಿದ್ದು ತೀರಿಕೊಂಡ ಮೇಲೆ ಅತ್ತೆ–ಸೊಸೆಯರ ಜಗ್ಗಾಟದಲ್ಲಿ ಮಗು ನಲುಗಿತು. ಕೊನೆಗೆ ನೊಆನ್ ಹಳ್ಳಿಯಲ್ಲಿ ಅಜ್ಜಿಯೇ ಸಾಕಿದರು. 1821ರಲ್ಲಿ ಅವರು ತೀರಿಕೊಂಡಾಗ ಅಲ್ಲಿನ ಆಸ್ತಿ ಹದಿನೇಳರ ಮೊಮ್ಮಗಳಿಗೆ ಬಂತು.

ಮರುವರ್ಷವೇ ಕಾಜಿಮೀರ್ ದ್ಯುದವಾಂ ಜೊತೆ ಮದುವೆ. ಇಬ್ಬರು ಮಕ್ಕಳಾದರು, ಮನಸ್ಸು ಮಾತ್ರ ಕೂಡಲಿಲ್ಲ. 1830ರ ಕೊನೆಯಲ್ಲಿ ಗಂಡನ ಮೇಜಿನಲ್ಲಿ ತನ್ನ ಹೆಸರಿನ ಲಕೋಟೆಯೊಂದು ಆಕೆಗೆ ಸಿಕ್ಕಿತು. ಅವನ ಮರಣದ ನಂತರವಷ್ಟೇ ತೆರೆಯಬೇಕೆಂದು ಮೇಲೆ ಬರೆದಿತ್ತು. ಆಕೆ ಕಾಯಲಿಲ್ಲ. ಒಳಗೆ ತುಂಬಿದ್ದು ಬರೀ ದೂಷಣೆ, ತಿರಸ್ಕಾರ. ವರ್ಷದ ಅರ್ಧಭಾಗ ಪ್ಯಾರಿಸ್ಸಿನಲ್ಲಿರುತ್ತೇನೆ, ಖರ್ಚಿಗೆ ವರ್ಷಕ್ಕೆ 3,000 ಫ್ರಾಂಕ್ ಕೊಡಿ ಎಂದು ಪಟ್ಟು ಹಿಡಿದರು. ತನ್ನದೇ ಆಸ್ತಿಯ ಹಣಕ್ಕೆ ಗಂಡನ ಮುಂದೆ ಕೈಚಾಚಬೇಕಾಗಿತ್ತು, ಏಕೆಂದರೆ ಅಂದಿನ ಕಾನೂನು ಆಡಳಿತವನ್ನೆಲ್ಲ ಅವನಿಗೇ ಒಪ್ಪಿಸಿತ್ತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ನೋಯಿಸುವ ಸಂಗತಿ ಇದೇ.

ವಿವಾಹದ ಬಂಧನವನ್ನೇ ಪ್ರಶ್ನಿಸುವ ಕಾದಂಬರಿ ‘ಇಂಡಿಯಾನಾ’ 1832ರಲ್ಲಿ ಹೊರಬಂದು ಆಕೆಗೆ ಹೆಸರು ತಂದಿತು. ಫ್ರಾನ್ಸಿನಲ್ಲಿ ಆಗ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. 1836ರಲ್ಲಿ ನ್ಯಾಯಾಲಯದ ಮೂಲಕ ಬೇರೆಯಾಗಿ ನೊಆನ್ ಆಸ್ತಿಯನ್ನು ಮರಳಿ ಪಡೆದರು.