ಓದುಗರ ಪ್ರಶ್ನೆ: ಮೊಲದ ವೇಷದೊಳಗೆ ಯಾರು?

ಪ್ರಶ್ನೆ: ಮಗಳು ಎರಡನೇ ಕ್ಲಾಸು. ಅಪಾರ್ಟ್‌ಮೆಂಟಿನ ಮಕ್ಕಳನ್ನು ನೋಡಿ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟದಲ್ಲಿ ಅವತಾರ್ (ತೆರೆಯ ಮೇಲೆ ತನ್ನ ಬದಲು ಆಡುವ ಗೊಂಬೆ) ಮಾಡಿಕೊಂಡಿದ್ದಾಳೆ. ಯೂಸರ್‌ನೇಮ್ ‘ಅನನ್ಯಬನಶಂಕರಿ2018’, ಅಂಗಿ ಶಾಲೆಯ ಯೂನಿಫಾರ್ಮಿನ ಬಣ್ಣದ್ದು. ಬೇಡವೆಂದರೆ ಅಳು. ಏನು ಮಾಡಲಿ?
– ಒಬ್ಬ ತಾಯಿ, ಬನಶಂಕರಿ

ಉತ್ತರ: ಅವತಾರ್ ಇರಲಿ, ಹೆಸರು ಹೋಗಲಿ. ಒಂದೇ ಸಾಲಿನಲ್ಲಿ ಹೆಸರು, ಬಡಾವಣೆ, ಹುಟ್ಟಿದ ವರ್ಷ ಮೂರೂ ಸಿಕ್ಕವು; ಉಳಿದದ್ದನ್ನು ಅಂಗಿ ಹೇಳುತ್ತದೆ.

ರೋಬ್ಲಾಕ್ಸ್‌ನಲ್ಲಿ ಹೆಸರುಗಳು ಎರಡು. ಆಟದಲ್ಲಿ ತಲೆಯ ಮೇಲೆ ಕಾಣುವ ಡಿಸ್‌ಪ್ಲೇ ನೇಮನ್ನು ಏಳು ದಿನಕ್ಕೊಮ್ಮೆ ಪುಕ್ಕಟೆ ಬದಲಿಸಬಹುದು; ಖಾತೆಯ ಹೆಸರಾದ ಯೂಸರ್‌ನೇಮ್ ಬದಲಿಸಲು 1000 ರೋಬಕ್ಸ್ (ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ) ಕೊಡಬೇಕು. ಎಷ್ಟೋ ಮನೆಗಳಲ್ಲಿ ಮೊದಲನೆಯದನ್ನು ಮಾತ್ರ ಬದಲಿಸಿ ನಿಶ್ಚಿಂತರಾಗುತ್ತಾರೆ, ಪ್ರೊಫೈಲ್ ತೆರೆದರೆ ಹಳೆಯದು ಹಾಗೇ ಕೂತಿರುತ್ತದೆ. ಮಗಳು ಈಗಷ್ಟೇ ಶುರುಮಾಡಿದ್ದರೆ ಹೊಸ ಖಾತೆಯೇ ವಾಸಿ. ಒಂದು ಹಣ್ಣು, ಒಂದು ಪ್ರಾಣಿ ಸೇರಿಸಿ: ‘ನೇರಳೆನರಿ’. ಜೊತೆಗೆ ಅಂಕಿ ಬೇಕೆಂದರೆ ಹುಟ್ಟಿದ ವರ್ಷವಾಗಲೀ ಫ್ಲಾಟ್ ನಂಬರಾಗಲೀ ಬೇಡ. ಹುಟ್ಟಿದ ದಿನ ಮಾತ್ರ ನಿಜವಾದದ್ದೇ ಕೊಡಿ. ದೊಡ್ಡವಳೆಂದು ತೋರಿಸಿದರೆ ಪುಟ್ಟ ಮಕ್ಕಳಿಗಿರುವ ರಕ್ಷಣೆ ತಪ್ಪಿಹೋಗಬಹುದು. ಆಮೇಲೆ ನಿಮ್ಮದೇ ಪೋಷಕರ ಖಾತೆ ತೆರೆದು, ಗುರುತಿನ ಚೀಟಿ ಅಥವಾ ಕ್ರೆಡಿಟ್ ಕಾರ್ಡಿನಿಂದ ಖಚಿತಪಡಿಸಿ, ಮಗಳ ಖಾತೆಗೆ ಜೋಡಿಸಿ. ಚಾಟ್, ಆಡುವ ಸಮಯ, ತಿಂಗಳ ಖರ್ಚಿನ ಮಿತಿ, ಗೆಳೆಯರ ಪಟ್ಟಿ ಎಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತವೆ.

ಸೆಟ್ಟಿಂಗ್ ಅರ್ಧ ಗಂಟೆಯ ಕೆಲಸ. ಕಲಿಸುವುದೇ ನಿಧಾನ. ಛದ್ಮವೇಷದಲ್ಲಿ ಒನಕೆ ಹಿಡಿದು ನಿಂತ ಓಬವ್ವ ಪಕ್ಕದ ಬೆಂಚಿನ ಗೆಳತಿಯೇ ಎಂದು ಅವಳಿಗೆ ಗೊತ್ತು. ತೆರೆಯ ಮೇಲಿನ ಮೊಲದೊಳಗೆ ದೊಡ್ಡ ಮನುಷ್ಯನೊಬ್ಬ ಇರಬಹುದೆಂದು ಹೊಳೆಯುವುದಿಲ್ಲ. ಹೀಗೆ ಮಾಡಿ: ಅವಳನ್ನು ರೂಮಿನಲ್ಲಿ ಕೂರಿಸಿ, ಬಾಗಿಲ ಸಂದಿಯಿಂದ ಮೊಲ ಬರೆದ ಚೀಟಿ ತೂರಿಸಿ. ‘ನಾನೂ ಸೆಕೆಂಡ್ ಸ್ಟ್ಯಾಂಡರ್ಡ್. ನಿನ್ನ ಟೀಚರ್ ಹೆಸರೇನು?’ ಉತ್ತರ ಬಂದರೆ ಮುಂದಿನ ಚೀಟಿ: ‘ಸ್ಕೂಲ್ ವ್ಯಾನ್ ಎಷ್ಟು ಗಂಟೆಗೆ ಬರುತ್ತೆ?’ ಮೂರು ಚೀಟಿಯಾದ ಮೇಲೆ ಬಾಗಿಲು ತೆಗೆದು ಅಪ್ಪ ನಿಲ್ಲಲಿ. ಅವಳು ಎಲ್ಲ ಬರೆದುಕೊಟ್ಟಿದ್ದರೂ ಬೈಯಬೇಡಿ. ಬೈದರೆ ನಿಜವಾದ ಮೊಲ ಕೇಳಿದಾಗ ನಿಮ್ಮ ಹತ್ತಿರ ಬರುವುದಿಲ್ಲ. ‘ಅಮ್ಮನ್ನ ಕೇಳ್ಬೇಕು’ ಎಂಬ ಒಂದು ಉತ್ತರ ಬಾಯಿಪಾಠವಾದರೆ ಸಾಕು. ವಾರ ಬಿಟ್ಟು ಪ್ರಶ್ನೆ ಬದಲಿಸಿ ಮತ್ತೆ ಆಡಿ.

ಯಾವ ಆಟವಾದರೂ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಮೈಕ್ ಅನುಮತಿ ತೆಗೆದುಹಾಕಿ. ‘ಅನನ್ಯಾ, ವ್ಯಾನ್ ಬಂತು!’ ಎಂದು ಅಜ್ಜಿ ಒಮ್ಮೆ ಕೂಗಿದರೆ ನೇರಳೆನರಿಯ ಗುಟ್ಟು ಅಲ್ಲಿಗೆ ಮುಗಿಯಿತು.

ಪ್ರಶ್ನೆ: ‘ಫ್ರೀ ರೋಬಕ್ಸ್’ ಆಸೆಗೆ ಮಗ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದಾನೆ.
– ಒಬ್ಬ ತಂದೆ, ಯಲಹಂಕ

ಉತ್ತರ: ಪಾಸ್‌ವರ್ಡ್ ಕೇಳಿದ ವ್ಯಕ್ತಿಯನ್ನು ಬ್ಲಾಕ್ ಮಾಡುವ ಮೊದಲು ಚಾಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಕೋಡ್ ಕೇಳುವ ವ್ಯವಸ್ಥೆ) ಆನ್ ಮಾಡಿ. ಖಾತೆಯಲ್ಲಿರುವ ಇಮೇಲ್ ಇನ್ನೂ ನಿಮ್ಮದೇ ಎಂದು ನೋಡಲು ಮರೆಯಬೇಡಿ. ಅದನ್ನು ಬದಲಿಸಿಬಿಟ್ಟಿದ್ದರೆ ಹೊಸ ಪಾಸ್‌ವರ್ಡ್ ಹಾಕಿಯೂ ಪ್ರಯೋಜನವಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಆ ವ್ಯಕ್ತಿ ಫೋಟೊ ಕೇಳಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪೊಲೀಸರಿಗೂ ದೂರು ಕೊಡಿ.

ಪ್ರಶ್ನೆ: ಫೋಟೊ ಹಾಕಿದರೆ ಕಾರ್ಟೂನ್ ಮಾಡಿಕೊಡುವ ಆ್ಯಪ್‌ಗೆ ಮೊಮ್ಮಗನ ಚಿತ್ರ ಕೊಡಬಹುದೇ?
– ಒಬ್ಬ ಅಜ್ಜ, ಮಲ್ಲೇಶ್ವರ

ಉತ್ತರ: ಬೇಡ. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಹೇಳುತ್ತದೆ, ಆದರೆ ಓದದೆ ‘ಒಪ್ಪಿದೆ’ ಒತ್ತುವವರು ನಾವೇ ತಾನೆ? ಅದರಲ್ಲೂ ಶಾಲೆಯ ಫೋಟೊದಲ್ಲಿ ಕೊರಳ ಐಡಿ ಕಾರ್ಡನ್ನು ಹಿಗ್ಗಿಸಿ ಓದಬಹುದು. ಮೊಮ್ಮಗ ತನಗೆ ಬೇಕಾದ ಮುಖವನ್ನು ಕ್ರೇಯಾನಿನಲ್ಲಿ ಬರೆಯಲಿ, ಅದರ ಫೋಟೊವನ್ನೇ ಪ್ರೊಫೈಲಿಗೆ ಹಾಕಿ. ಹಾಳೆಯ ಮೂಲೆಯಲ್ಲಿ ಹೆಸರು, ಸೆಕ್ಷನ್ ಬರೆದಿದ್ದಾನೋ ನೋಡಿಕೊಳ್ಳಿ.