ಸೋಡಚೀಟಿಯೂ ಬೇಡ, ಸುಳ್ಳು ಕೇಸೂ ಬೇಡ

ಗೋಕಾಕದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಮೂರು ಪುಟಗಳ ಪತ್ರ ಬರೆದಿದ್ದಾರೆ. ಮಗಳನ್ನು ಸ್ವಂತ ಅಕ್ಕನ ಮಗನಿಗೇ, ಜಮಖಂಡಿ ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದರು. ಇಬ್ಬರಿಗೂ ಹೊಂದಲಿಲ್ಲ. ಮಗಳು ಎರಡು ವರ್ಷದಿಂದ ಆರು ವರ್ಷದ ಮಗನೊಂದಿಗೆ ತವರಿನಲ್ಲಿದ್ದಾಳೆ, ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಹೊಡೆತ ಬಡಿತ, ವರದಕ್ಷಿಣೆಯ ಕಿರುಕುಳ ಇರಲಿಲ್ಲ ಎನ್ನುತ್ತಾರೆ. ಹಿರಿಯರು ಎರಡು ಸಲ ಕೂಡಿ ಮಾತನಾಡಿದರೂ ಬಗೆಹರಿಯಲಿಲ್ಲ. ಈಗ ಬಂಧುಗಳಲ್ಲಿ ಕೆಲವರು ‘ಬಾಂಡ್ ಪೇಪರ್ ಮೇಲೆ ಸೋಡಚೀಟಿ (ಗಂಡ ಹೆಂಡತಿ ಬೇರೆಯಾದರೆಂದು ಬರೆಯುವ ಕಾಗದ) ಬರೆಸಿ ಮುಗಿಸಿ’ ಎಂದರೆ, ಉಳಿದವರು ‘ಪೊಲೀಸ್ ಕೇಸು ಹಾಕಿ, ತಾನಾಗಿ ದಾರಿಗೆ ಬರುತ್ತಾನೆ’ ಎನ್ನುತ್ತಿದ್ದಾರಂತೆ. ಅಕ್ಕನ ಮನೆಯ ಬಾಗಿಲು ಮುಚ್ಚದ ಹಾಗೆ ಇದನ್ನು ಮುಗಿಸಬಹುದೇ ಎಂಬುದು ಅವರ ಪ್ರಶ್ನೆ.

ಹಿರಿಯರೇ,

ಮುಗಿಸಬಹುದು. ಆದರೆ ನಿಮ್ಮ ಪತ್ರದಲ್ಲಿ ಒಂದು ಕೊರತೆ ನನ್ನನ್ನು ಕಾಡಿತು. ಪಂಚರು ಏನೆಂದರು, ಅಕ್ಕ ಹೇಗೆ ಅತ್ತರು, ಬೀಗರ ಕಡೆಯವರು ಎಷ್ಟು ಕೊಡುತ್ತೇವೆಂದರು, ಎಲ್ಲವೂ ಇದೆ. ಮಗಳ ಒಂದು ಮಾತೂ ಇಲ್ಲ. ಆಕೆಗೆ ಬಿಡುಗಡೆ ಬೇಕೇ, ಇನ್ನೂ ಕಾಯುವ ಮನಸ್ಸಿದೆಯೇ, ಮಗನ ವಿಷಯದಲ್ಲಿ ಆಕೆಯ ಭಯವೇನು ಎಂದು ಯಾರಾದರೂ ಕೇಳಿದ್ದೀರಾ? ಸೋದರಿಕೆಯ ಮದುವೆಗಳಲ್ಲಿ ಇದು ಹೆಚ್ಚು. ಸಂಬಂಧ ಬೆಳೆಸುವಾಗಲೂ ಹಿರಿಯರೇ ಮಾತನಾಡುತ್ತಾರೆ, ಬಿಡಿಸುವಾಗಲೂ ಅವರೇ. ಮೊದಲು ಆಕೆಯೊಬ್ಬಳನ್ನೇ ಕೂರಿಸಿಕೊಂಡು ಕೇಳಿ. ನಿಮ್ಮೆದುರು ಬಾಯಿ ಬಿಡದಿದ್ದರೆ ತಾಯಿ ಕೇಳಲಿ. ಹೊಡೆತ ಇರಲಿಲ್ಲ ಎಂಬುದನ್ನೂ ಆಕೆಯ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ. ಇದ್ದದ್ದೇ ಆದರೆ ನಾನು ಮುಂದೆ ಬರೆದಿರುವುದೆಲ್ಲ ಬದಿಗಿರಲಿ. ಆಗ ದಾರಿ ಪೊಲೀಸ್ ಠಾಣೆ, ಇಲ್ಲವೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಇರುವ ಸಂರಕ್ಷಣಾಧಿಕಾರಿ. ಹೆದರಿದ ಹೆಣ್ಣುಮಗಳನ್ನು ರಾಜಿಗೆ ಕೂರಿಸುವುದು ಆಕೆಗೆ ಮಾಡುವ ಇನ್ನೊಂದು ಅನ್ಯಾಯ.

ಸೋಡಚೀಟಿಯ ಮಾತನ್ನು ಇಂದೇ ಬಿಡಿ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ ವಿಚ್ಛೇದನ ಕೊಡುವುದು ನ್ಯಾಯಾಲಯ. ಸಮುದಾಯದ ರೂಢಿಗೆ ಕಾಯ್ದೆಯಲ್ಲಿ ಜಾಗವಿದೆ ನಿಜ. ಆದರೆ ಅಂಥ ರೂಢಿ ಇತ್ತೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ಸುಲಭವಲ್ಲ. ನೋಟರಿ ಮುದ್ರೆ ಬಿದ್ದ ಕಾಗದವನ್ನೇ ನಂಬಿ ನಾಳೆ ಮಗಳಿಗೆ ಮರುಮದುವೆ ಮಾಡಿದರೆ ಆ ಮದುವೆಯೂ ನಿಲ್ಲುವುದಿಲ್ಲ, ಆಕೆಯ ಮೇಲೆ ದ್ವಿವಿವಾಹದ ಅಪರಾಧಕ್ಕೆ ಮೊಕದ್ದಮೆ ಬರಬಹುದು. ಅಳಿಯನಿಗೂ ಅದೇ ಗತಿ.

ಆಗದ ಕಿರುಕುಳವನ್ನು ಆಗಿದೆಯೆಂದು ದೂರು ಕೊಡುವುದು ಅದಕ್ಕಿಂತ ಕೆಟ್ಟದ್ದು. ಆ ದೂರಿನಲ್ಲಿ ಅತ್ತೆಯ ಹೆಸರೂ ಬರುತ್ತದೆ, ಅಂದರೆ ನಿಮ್ಮ ಅಕ್ಕನ ಹೆಸರು. ಮುಂದೆ ಎರಡೂ ಕಡೆ ಒಪ್ಪಿದರೂ ಅಂಥ ಕೇಸನ್ನು ಸುಮ್ಮನೆ ಹಿಂದಕ್ಕೆ ಪಡೆಯಲಾಗದು. ರದ್ದುಪಡಿಸಲು ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತಬೇಕಾಗುತ್ತದೆ.

ನಿಮಗೆ ಸರಿಹೊಂದುವುದು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ, ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷ ಬೇರೆಯಾಗಿದ್ದವರು ಜಂಟಿಯಾಗಿ ಅರ್ಜಿ ಕೊಡಬಹುದು. ಮಗಳು ನಿಮ್ಮಲ್ಲಿ ಇರುವುದರಿಂದ ನಿಮ್ಮ ಜಿಲ್ಲೆಯಲ್ಲೇ ಸಲ್ಲಿಸಲು ಅವಕಾಶವಿದೆ. ಆರು ತಿಂಗಳ ನಂತರ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಬಹುಕಾಲದಿಂದ ಬೇರೆಯಾಗಿದ್ದು, ಜೀವನಾಂಶ ಮತ್ತು ಮಗುವಿನ ವಿಷಯ ಪೂರ್ತಿ ತೀರ್ಮಾನವಾಗಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಆದ್ದರಿಂದ ಅವಸರದಲ್ಲಿ ಸಹಿ ಹಾಕಿಸಿ ಫಲವಿಲ್ಲ.

ಅಮೆರಿಕದ ಮಿನ್ನೆಸೋಟದಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರು 1990ರಲ್ಲಿ ಒಂದು ಪದ್ಧತಿ ಶುರು ಮಾಡಿದರು. ಗಂಡನಿಗೊಬ್ಬ, ಹೆಂಡತಿಗೊಬ್ಬ ವಕೀಲ. ನಾಲ್ವರೂ ಕೂತು ಲೆಕ್ಕಪತ್ರ ಮುಚ್ಚಿಡದೆ ಮಾತನಾಡುವುದು. ಮಾತು ಮುರಿದು ಜಗಳ ಕೋರ್ಟಿಗೆ ಹೋದರೆ ಆ ಇಬ್ಬರು ವಕೀಲರೂ ಹಿಂದೆ ಸರಿಯಬೇಕು. ಜಗಳ ಬೆಳೆಸಿ ಅವರಿಗೆ ಲಾಭವಿಲ್ಲ. ನಮ್ಮಲ್ಲಿ ಆ ಕರಾರು ರೂಢಿಯಲ್ಲಿಲ್ಲ, ಆದರೆ ಅದರ ಎರಡು ಅಂಶಗಳನ್ನು ನೀವು ಎತ್ತಿಕೊಳ್ಳಬಹುದು: ಮಗಳಿಗೆ ಆಕೆಯದೇ ವಕೀಲರಿರಲಿ, ಕಾಗದಪತ್ರ ಎರಡೂ ಕಡೆಯಿಂದ ಹೊರಬರಲಿ. ಅಳಿಯ ಜಮೀನಿನ ಉತಾರ (ಪಹಣಿ), ಸಕ್ಕರೆ ಕಾರ್ಖಾನೆಯ ಬಿಲ್ಲು, ಪಿಕೆಪಿಎಸ್ (ಊರಿನ ಕೃಷಿ ಸಹಕಾರಿ ಸಂಘ) ಸಾಲದ ಚೀಟಿ ತರಲಿ. ಮಗಳು ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ತರಲಿ.

ಈ ಉತಾರದ ಮಾತು ಸುಮ್ಮನೆ ಹೇಳಿದ್ದಲ್ಲ. ಕಬ್ಬು ಬೆಳೆಯುವವನ ಕೈಗೆ ಪ್ರತಿ ತಿಂಗಳು ಹಣ ಬರುವುದಿಲ್ಲ. ಕಾರ್ಖಾನೆ ನುರಿಸಿ, ಬಿಲ್ಲು ಜಮೆಯಾದಾಗ ಬರುತ್ತದೆ. ತಿಂಗಳಿಗೆ ಇಷ್ಟೆಂದು ಬರೆಸಿಕೊಂಡರೆ ಮಳೆಗಾಲದಲ್ಲಿ ಬಾಕಿ ಬೀಳುತ್ತದೆ, ಬಾಕಿಗೆ ಅರ್ಜಿ, ಅರ್ಜಿಗೆ ತಾರೀಖು, ಹಗೆ ಅಲ್ಲಿಂದ ಮೊದಲಾಗುತ್ತದೆ. ವರ್ಷದ ಮೊತ್ತವನ್ನು ಬಿಲ್ಲು ಬರುವ ಕಾಲಕ್ಕೆ ಮಗನ ಹೆಸರಿನ ಖಾತೆಗೆ ಕಟ್ಟುವಂತೆ ಬರೆಸಿ. ಕಟ್ಟದಿದ್ದರೆ ಏನೆಂಬುದನ್ನೂ ಬರೆಸಿ. ಮಗುವಿನ ಪಾಲನ್ನೂ ಜೀವನಾಂಶವನ್ನೂ ಬಿಟ್ಟುಕೊಟ್ಟಿದ್ದೇವೆ ಎಂಬ ಸಾಲು ಒಪ್ಪಂದದಲ್ಲಿ ಕಂಡರೆ ಹೊಡೆದುಹಾಕಿಸಿ. ತಾಯಿ ಬರೆದುಕೊಟ್ಟ ಮಾತ್ರಕ್ಕೆ ಮಗುವಿನ ಹಕ್ಕು ಹೋಗುವುದಿಲ್ಲ, ಆದರೆ ಆ ಸಾಲು ಮುಂದೆ ಜಗಳಕ್ಕೆ ಆಸ್ಪದವಾಗುತ್ತದೆ.

ಮದುವೆಯಲ್ಲಿ ನೀವು ಹಾಕಿದ ಬೋರಮಾಳ, ಪಾಟಲಿ, ಬಿಲವಾರ, ಹೆಸರು ಕೊರೆಸಿದ ಹಿತ್ತಾಳೆ ಪಾತ್ರೆಗಳು ಮಗಳ ಸ್ತ್ರೀಧನ, ಆಕೆಯ ಸ್ವಂತ ಆಸ್ತಿ. ಒಂದೊಂದನ್ನೂ ತೂಕದೊಡನೆ ಪಟ್ಟಿ ಮಾಡಿ. ಬಂಗಾರ ಪಿಕೆಪಿಎಸ್ ಅಥವಾ ಬ್ಯಾಂಕಿನಲ್ಲಿ ಅಡವಿದ್ದರೆ ಯಾರು ಬಿಡಿಸಬೇಕೆಂದು ಈಗಲೇ ಕೇಳಿ. ಬಾಯಿಮಾತಿನ ‘ಕೊಡುತ್ತೇವೆ’ ಸಾಲದು. ಎರಡನೇ ಒಪ್ಪಿಗೆಗೆ ಮುಂಚೆ ಕೈಗೆ ಬರಬೇಕು.

ಮೊಮ್ಮಗ ನಿಮ್ಮಲ್ಲಿರಲಿ ಎಂದು ಬರೆದಿದ್ದೀರಿ. ಸರಿ, ಆದರೆ ಅವನಿಗೆ ಜಮಖಂಡಿಯಲ್ಲೂ ಅಜ್ಜಿ ಇದ್ದಾರೆ. ‘ಆಗಾಗ ಬಂದು ನೋಡಬಹುದು’ ಎಂದು ಬರೆದರೆ ಪ್ರತಿ ಭೇಟಿಗೂ ತಕರಾರು. ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಕಾರಹುಣ್ಣಿಮೆಗೆ ಎಲ್ಲಿ, ದೀಪಾವಳಿಗೆ ಎಲ್ಲಿ, ಊರ ಜಾತ್ರೆಗೆ ಕಳುಹಿಸುತ್ತೀರಾ, ಕರೆದೊಯ್ಯುವವರು ಯಾರು, ತಂದುಬಿಡುವವರು ಯಾರು, ಭಾನುವಾರ ಎಷ್ಟು ಗಂಟೆಗೆ ವಿಡಿಯೊ ಕರೆ, ಇಷ್ಟೂ ಕಾಗದದ ಮೇಲೆ ಬರಲಿ. ಮಗುವಿನ ಎದುರು ಯಾರೂ ಅವನ ತಂದೆಯನ್ನು ಹಳಿಯಬಾರದು. ಇದು ನಿಮ್ಮ ಮನೆಯವರಿಗೆಲ್ಲ ನನ್ನ ಕಳಕಳಿಯ ವಿನಂತಿ.

ವಕೀಲರ ಶುಲ್ಕದ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಮಾತುಕತೆಗೆ ಮಧ್ಯಸ್ಥಗಾರರು ಬೇಕೆಂದು ಅಲ್ಲೇ ಕೇಳಿ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯ. ಅದನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಊರ ಕಟ್ಟೆಯ ಮೇಲೆ ಹತ್ತು ಜನರೆದುರು ಆಡಲಾಗದ್ದನ್ನು ಮಗಳು ಅಲ್ಲಿ ಆಡಬಲ್ಲಳು.

ಅಕ್ಕನವರ ವಿಷಯಕ್ಕೆ ಬಂದರೆ, ಪಂಚರನ್ನು ಕರೆದುಕೊಳ್ಳದೆ ನೀವೊಬ್ಬರೇ ಒಂದು ದಿನ ಜಮಖಂಡಿಗೆ ಹೋಗಿ. ಹಣದ ಮಾತು, ಬಂಗಾರದ ಮಾತು ಎತ್ತಬೇಡಿ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಯಾವ ಕೇಸೂ ಹಾಕುವುದಿಲ್ಲ, ಮೊಮ್ಮಗನನ್ನು ರಜೆಗೆ ಕಳುಹಿಸುತ್ತೇನೆ ಎಂದು ಮಾತು ಕೊಡಿ. ಬರುವ ರಜೆಯಲ್ಲೇ ಕಳುಹಿಸಿ, ಒಪ್ಪಂದಕ್ಕೆ ಸಹಿ ಬೀಳುವವರೆಗೆ ಕಾಯಬೇಡಿ.

— ಸಂಪಾದಕ